ತೊಡಕು ಯಾರದು?

1956ರ ಅಕ್ಟೋಬರ್ 31ರ ರಾತ್ರಿ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿ ಮಲಗಿದ ಕೊಳ್ಳೇಗಾಲದ ಜನ ಮರುದಿನ ಮೈಸೂರು ಜಿಲ್ಲೆಯಲ್ಲಿ ಕಣ್ಣು ತೆರೆದರು. ಆಗ ಅದೇ ತಾಲ್ಲೂಕಿಗೆ ಸೇರಿದ್ದ ಹನೂರೂ ಜೊತೆಯಲ್ಲೇ ಬಂದಿತು. ಪಕ್ಕದ ಯಳಂದೂರಿಗೆ ಇದಾವ ಗೊಡವೆಯೂ ಇರಲಿಲ್ಲ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಆ ಸೀಮೆ ಮೊದಲೇ ಮೈಸೂರಿನದು.

ರಾಜ್ಯವೇನೋ ಬದಲಾಯಿತು. ಶಾಸನಗಳು ಅಷ್ಟು ಬೇಗ ಗುಳೆ ಏಳುವುದಿಲ್ಲ. ರಾಜ್ಯ ಪುನರ್ವಿಂಗಡಣಾ ಶಾಸನದ 119ನೆಯ ಪ್ರಕರಣದಂತೆ, ಬದಲಿಸುವ ತನಕ ಹಳೆಯ ಕಾನೂನುಗಳು ಹಳೆಯ ನೆಲದ ಮೇಲೆಯೇ ನಿಂತವು. ಕೊಳ್ಳೇಗಾಲದ ವರ್ತಕನಿಗೆ 1939ರ ಮದರಾಸು ಮಾರಾಟ ತೆರಿಗೆ. ಕೆಲವೇ ಮೈಲಿ ಆಚೆ ಯಳಂದೂರಿನವನಿಗೆ ಮೈಸೂರಿನ ತೆರಿಗೆ. ಇಬ್ಬರೂ ಒಂದೇ ಜಿಲ್ಲೆಯವರು! 1957ರ ಹೊಸ ಮಾರಾಟ ತೆರಿಗೆ ಶಾಸನ ಜಾರಿಗೆ ಬರುವವರೆಗೂ ಈ ಇಬ್ಬಗೆ ನಡೆಯಿತು.

ಕಾನೂನಿನ ಪುಸ್ತಕದಲ್ಲಿ ಒಂದು ಹೊಸ ಸೀಮೆಯೂ ಹುಟ್ಟಿತು: ‘ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ’. ಒಂದು ಕಡಲ ತಡಿ, ಇನ್ನೊಂದು ಕಾವೇರಿಯ ನೆರೆ; ಎರಡೂ ಮದರಾಸಿನಿಂದ ಬಂದವೆಂಬುದೊಂದೇ ನಂಟು. ಭೂಪಟದಲ್ಲಿ ಕಾಣದ ಈ ಸೀಮೆ ವ್ಯಾಖ್ಯೆಯಲ್ಲಿ ಮಾತ್ರ ಅಖಂಡ.

ಇಂಥ ಗೋಜಲುಗಳನ್ನು ಊಹಿಸಿಯೇ ಶಾಸನಕರ್ತರು ಕೊನೆಯಲ್ಲಿ ಒಂದು ವಿಧಿಯನ್ನು ಸೇರಿಸುವುದುಂಟು: ಜಾರಿಯಲ್ಲಿ ‘ತೊಡಕು’ ಉಂಟಾದರೆ ಆಜ್ಞೆಯಿಂದ ನಿವಾರಿಸಬಹುದು. 1956ರ ಶಾಸನದಲ್ಲಿ ಆ ಅಧಿಕಾರ ರಾಷ್ಟ್ರಪತಿಗಳದು. ಸಂವಿಧಾನದ 392ನೆಯ ವಿಧಿಯಲ್ಲೂ ಇಂಥದೇ ಮಾತುಂಟು. ಇದನ್ನು ಕೇಳಿದ ರೈತ ಹಿಗ್ಗಿಯಾನು. ಆದರೆ ಈ ತೊಡಕು ಆತನದಲ್ಲ, ಶಾಸನದ್ದು. ಶಾಸನದ ಒಂದು ಮಾತಿಗೆ ಇನ್ನೊಂದು ಅಡ್ಡ ಬಂದು ಅಧಿಕಾರಿಯ ಕೈ ಕಟ್ಟಿದಂತಾದರೆ ಅದು ತೊಡಕು. ಖಾತೆಗಾಗಿ ರೈತ ಕಚೇರಿಯಿಂದ ಕಚೇರಿಗೆ ಅಲೆದರೆ ಅದು ಬರಿಯ ಕಷ್ಟ.

ಸರ್ಕಾರಗಳಿಗೂ ಈ ಪದದ ಮೇಲೆ ಮೋಹ ಕಡಿಮೆಯಲ್ಲ. 1966ರಲ್ಲಿ ಜಲಾನ್ ಟ್ರೇಡಿಂಗ್ ಕಂಪೆನಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಬೋನಸ್ ಶಾಸನದ ಇಂಥ ವಿಧಿಯನ್ನೇ ತೊಡೆದುಹಾಕಿತು. ತೊಡಕು ನಿವಾರಣೆಯ ಹೆಸರಿನಲ್ಲಿ ಶಾಸನ ರಚನೆಯನ್ನೇ ಸರ್ಕಾರಕ್ಕೆ ಒಪ್ಪಿಸಿದಂತಾಯಿತೆಂದು ಬಹುಮತದ ತೀರ್ಪು. ಮುಂದಿನ ದಶಕದಲ್ಲಿ ಗೋವದ ತೆರಿಗೆದಾರರ ಮಾದೇವ ಉಪೇಂದ್ರ ಸಿನಾಯ್ ಮೊಕದ್ದಮೆ ಹಗ್ಗವನ್ನು ಮತ್ತಷ್ಟು ಬಿಗಿಯಿತು: ತೊಡಕು ಆ ಶಾಸನವನ್ನು ಜಾರಿಗೆ ತರುವುದರಲ್ಲಿಯೇ ಹುಟ್ಟಿರಬೇಕು, ಹೊರಗಿನದು ಸಲ್ಲದು, ನಿವಾರಣೆಯಾದರೂ ಶಾಸನದ ಮೂಲರೂಪವನ್ನು ಕೆಡಿಸಬಾರದು.

ಹನೂರು ಈಗ ಪ್ರತ್ಯೇಕ ತಾಲ್ಲೂಕು. ಮೂರೂ ಊರುಗಳು 1997ರಿಂದ ಚಾಮರಾಜನಗರ ಜಿಲ್ಲೆಯವು. ಆದರೂ 1956ಕ್ಕೆ ಹಿಂದಿನ ಕೊಳ್ಳೇಗಾಲದ ಪತ್ರವೊಂದು ನ್ಯಾಯಾಲಯದ ಮೆಟ್ಟಿಲೇರಿದರೆ, ವಕೀಲರು ಮದರಾಸಿನ ಹಳೆಯ ಶಾಸನಗಳ ಧೂಳು ಕೊಡವಲೇಬೇಕು.