ಕುಡಿದ ಮೇಷ್ಟ್ರು, ಮಲಗಿದ ಇಲಾಖೆ

ಶಾಲೆಗೆ ಕುಡಿದು ಬಂದ ಮೇಷ್ಟ್ರನ್ನು ಅಮಾನತು ಮಾಡಿದರೆಂಬ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಿಗೆ ಹೊಸದಲ್ಲ. ಸುದ್ದಿಯ ಕ್ರಮವೂ ಈಗ ಎಲ್ಲರಿಗೂ ಬಾಯಿಪಾಠವಾಗಿದೆ. ಮೇಷ್ಟ್ರು ಕುರ್ಚಿಯಲ್ಲಿ ತೂಕಡಿಸುತ್ತಿರುತ್ತಾರೆ, ಇಲ್ಲವೆ ಶಾಲೆಯ ಜಗಲಿಯ ಮೇಲೆ ಬಿದ್ದಿರುತ್ತಾರೆ. ಊರಿನವರೊಬ್ಬರು ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಾರೆ. ಸಂಜೆಯೊಳಗೆ ಅದು ಜಿಲ್ಲೆಯೆಲ್ಲ ಸುತ್ತುತ್ತದೆ. ಮಾರನೆಯ ದಿನ ಅಮಾನತು ಆದೇಶ ಹೊರಬೀಳುತ್ತದೆ. ಜನರು ‘ಸರಿಯಾಯಿತು’ ಎನ್ನುತ್ತಾರೆ, ಅಲ್ಲಿಗೆ ಸುದ್ದಿ ಮುಗಿಯುತ್ತದೆ. ಆ ಮೇಷ್ಟ್ರ ಮೇಲಿನ ವಿಚಾರಣೆ ಏನಾಯಿತು, ಅವರ ತರಗತಿಗೆ ಯಾರು ಬಂದರು, ಅವರು ಮತ್ತೆ ಯಾವ ಊರಿನ ಮಕ್ಕಳ ಮುಂದೆ ಹೋಗಿ ನಿಂತರು ಎಂಬುದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಕೇಳದೆ ಉಳಿದ ಈ ಭಾಗದ ಬಗೆಗೇ ನಾವು ಈ ವಾರ ಬರೆಯಬೇಕಾಗಿದೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಕುಡಿದು ತರಗತಿಗೆ ಬಂದ ಉಪಾಧ್ಯಾಯನ ಪರವಾಗಿ ವಕಾಲತ್ತು ವಹಿಸಲು ನಾವು ಹೊರಟಿಲ್ಲ. ನಾವೂ ಕೆಲವು ಕಾಲ ಕರಿಹಲಗೆಯ ಮುಂದೆ ನಿಂತವರೇ. ಸರ್ಕಾರಿ ಶಾಲೆಯಲ್ಲಿ ಕೂತಿರುವ ಮಗು ಯಾರದೆಂಬುದನ್ನು ನಾವು ಬಲ್ಲೆವು. ಅದು ಮಿಲ್ಲಿನ ರಾತ್ರಿ ಪಾಳಿ ಮುಗಿಸಿ ಬಂದವನ ಮಗು, ಸಂತೆಯಲ್ಲಿ ತರಕಾರಿ ಮಾರುವವಳ ಮಗು. ಹಣವಂತರು ಫೀಜು ಕಟ್ಟಿ ಬೇರೆ ಶಾಲೆ ಹುಡುಕಿಕೊಳ್ಳುತ್ತಾರೆ. ನಮ್ಮ ಮಕ್ಕಳಿಗೆ ಆ ಒಬ್ಬ ಮೇಷ್ಟ್ರೇ ಗತಿ. ಆತ ಎಚ್ಚರವಿಲ್ಲದೆ ಕಳೆದ ಒಂದು ದಿನವೂ ಮಗುವಿನ ಲೆಕ್ಕದಲ್ಲಿ ನಷ್ಟವೇ. ಅಮಲಿನಲ್ಲಿರುವವನನ್ನು ಆ ಗಳಿಗೆಯೇ ತರಗತಿಯಿಂದ ಹೊರಗಿಡಬೇಕು. ಇದರಲ್ಲಿ ಎರಡು ಮಾತಿಲ್ಲ. ಅಮಲಿನಲ್ಲಿ ಮಗುವಿನ ಮೇಲೆ ಕೈ ಮಾಡಿದರಂತೂ ಅದು ಇಲಾಖೆಯೊಳಗೆ ಮುಗಿಸುವ ವಿಷಯವೇ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಹೆಣ್ಣು ಮಗುವಾಗಲಿ ಗಂಡು ಮಗುವಾಗಲಿ, ಲೈಂಗಿಕ ಕಿರುಕುಳವೆಂದರೆ 2012ರ ಪೋಕ್ಸೊ ಕಾಯಿದೆಯಿದೆ, ಪೊಲೀಸ್ ಠಾಣೆಯಿದೆ.

ಆದರೆ ಹೊರಗಿಡುವುದು ಒಂದು, ಶಿಕ್ಷಿಸುವುದು ಇನ್ನೊಂದು. ನಮ್ಮ ಇಲಾಖೆಯ ಅಧಿಕಾರಿಗಳು ಈ ಎರಡನ್ನೂ ಕಲಸಿಬಿಟ್ಟಿದ್ದಾರೆ.

ನಿಯಮ ಏನು ಹೇಳುತ್ತದೆಂಬುದನ್ನು ನೋಡೋಣ. ಸರ್ಕಾರಿ ನೌಕರರ ನಡತೆಗೆ ಕರ್ನಾಟಕದಲ್ಲಿ 1966ರ ನಿಯಮಗಳಿದ್ದವು. ಅವುಗಳ ಸ್ಥಾನದಲ್ಲಿ 2021ರಲ್ಲಿ ಹೊಸವು ಬಂದಿವೆ. ಕರ್ತವ್ಯದ ವೇಳೆಯಲ್ಲಿ ಅಮಲಿನಲ್ಲಿರಬಾರದು, ಸಾರ್ವಜನಿಕ ಸ್ಥಳದಲ್ಲಿ ಕುಡಿದ ಸ್ಥಿತಿಯಲ್ಲಿ ಕಾಣಿಸಿಕೊಳ್ಳಬಾರದು, ಮಿತಿಮೀರಿ ಕುಡಿಯಬಾರದು ಎಂಬುದು ಅವುಗಳ ಸಾರ. ಮನೆಯಲ್ಲಿ ರಾತ್ರಿ ಒಂದು ಲೋಟ ಕುಡಿದು ಮಲಗಿ, ಬೆಳಿಗ್ಗೆ ನೆಟ್ಟಗೆ ಶಾಲೆಗೆ ಬಂದವನನ್ನು ಈ ನಿಯಮ ಹಿಡಿಯುವುದಿಲ್ಲ. ಮೇಷ್ಟ್ರೆಂದರೆ ಊರಿಗೆಲ್ಲ ಮೇಲ್ಪಂಕ್ತಿ, ಕುಡಿಯಲೇಬಾರದು ಎಂದು ಹಿರಿಯರು ಹೇಳಬಹುದು. ನಮಗೂ ಹಾಗೆಯೇ ಅನಿಸುತ್ತದೆ. ಆದರೆ ಅನಿಸಿಕೆಯ ಮೇಲೆ ಕೂಳು ಕಸಿಯಲಾಗದು.

ಶಿಕ್ಷೆಯ ಕ್ರಮಕ್ಕೆ 1957ರ ವರ್ಗೀಕರಣ, ನಿಯಂತ್ರಣ ಮತ್ತು ಅಪೀಲು ನಿಯಮಗಳಿವೆ. ನೌಕರರು ‘ಸಿಸಿಎ ರೂಲ್ಸು’ ಎಂದು ಕರೆಯುವುದು ಇವನ್ನೇ. ವಾಗ್ದಂಡನೆಯಿಂದ ಹಿಡಿದು ಇನ್‌ಕ್ರಿಮೆಂಟು ತಡೆ, ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಕೆಲಸದಿಂದ ತೆಗೆಯುವುದು, ಡಿಸ್ಮಿಸ್ ಮಾಡುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಶಿಕ್ಷೆಗಳಿವೆ. ತೆಗೆಯುವುದಕ್ಕೂ ಡಿಸ್ಮಿಸ್‌ಗೂ ಇರುವ ವ್ಯತ್ಯಾಸವನ್ನು ಬಹಳ ಜನ ತಿಳಿದಿರುವುದಿಲ್ಲ. ತೆಗೆದರೆ ಮುಂದೆ ಬೇರೆ ಸರ್ಕಾರಿ ಕೆಲಸಕ್ಕೆ ಅಡ್ಡಿಯಿಲ್ಲ. ಡಿಸ್ಮಿಸ್ ಆದರೆ ಸಾಮಾನ್ಯವಾಗಿ ಆ ಬಾಗಿಲೂ ಮುಚ್ಚಿದಂತೆಯೇ. ಅಮಾನತು ಇವುಗಳ ಪಟ್ಟಿಯಲ್ಲೇ ಇಲ್ಲ. ಅದು ಶಿಕ್ಷೆಯಲ್ಲ, ವಿಚಾರಣೆ ಮುಗಿಯುವ ತನಕ ದೂರವಿಡುವ ಏರ್ಪಾಟು. ದೊಡ್ಡ ಶಿಕ್ಷೆ ಕೊಡುವ ಮುನ್ನ ಆರೋಪವನ್ನು ಬರೆದು ಕೊಡಬೇಕು, ಉತ್ತರ ಕೇಳಬೇಕು, ಸಾಕ್ಷಿಗಳನ್ನು ಪ್ರಶ್ನಿಸಲು ಅವಕಾಶ ಕೊಡಬೇಕು. ಇದು ಯಾವ ಅಧಿಕಾರಿಯ ಔದಾರ್ಯವೂ ಅಲ್ಲ. ಸಂವಿಧಾನದ 311ನೇ ವಿಧಿಯ ಮಾತು. ವಿಚಾರಣಾಧಿಕಾರಿಯ ವರದಿಯ ಪ್ರತಿಯನ್ನೂ ನೌಕರನ ಕೈಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 1990ರಲ್ಲಿ ಹೇಳಿತು, 1993ರಲ್ಲಿ ಅದನ್ನೇ ದೃಢಪಡಿಸಿತು.

ಮಿಲ್ ಕಾರ್ಮಿಕ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಗೇಟಿನಲ್ಲಿ ತಡೆದು ‘ನಾಳೆಯಿಂದ ಬರಬೇಡ’ ಎನ್ನುವ ಕಾಲವೊಂದಿತ್ತು. ಕಾರ್ಖಾನೆಯ ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿ ಎಂದು 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆ ಬಂದ ಮೇಲೆ ಮೇಸ್ತ್ರಿಯ ಬಾಯಿಮಾತಿಗೆ ಒಂದು ಲಗಾಮು ಬಿತ್ತು. ‘ಇವನು ಕುಡಿದು ಬಂದಿದ್ದ’ ಎಂಬ ಮಾತು ಯೂನಿಯನ್ನಿನವನನ್ನು ಹೊರಗಟ್ಟಲು ಎಷ್ಟು ಸುಲಭದ ಅಸ್ತ್ರವೆಂಬುದನ್ನು ಮಿಲ್ಲಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಹಳ್ಳಿಯಲ್ಲೂ ಹಾಗೆಯೇ. ಬಿಸಿಯೂಟದ ಅಕ್ಕಿಯ ಲೆಕ್ಕ ಕೇಳಿದ ಮೇಷ್ಟ್ರು ಯಾರಿಗೂ ಬೇಡವಾಗುತ್ತಾರೆ. ಅಂಥವರ ಬಾಯಿಯಿಂದ ವಾಸನೆ ಬರುತ್ತಿತ್ತೆಂದು ಹೇಳಲು ನಾಲ್ಕು ಜನರನ್ನು ಕೂಡಿಸುವುದು ಕಷ್ಟವೇನಲ್ಲ.

ವಾಸನೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ಅಂಗಡಿಯವನ ತಕ್ಕಡಿಗೆ, ಬಟ್ಟಿಗೆ ಸರ್ಕಾರದ ಮುದ್ರೆ ಬೇಕು. ಮುದ್ರೆಯಿಲ್ಲದಿದ್ದರೆ ಇನ್ಸ್‌ಪೆಕ್ಟರು ದಂಡ ಹಾಕುತ್ತಾರೆ. ಲಾರಿ ಓಡಿಸುವವನ ಅಮಲಿಗೂ ಅಳತೆಯಿದೆ. 1988ರ ಮೋಟಾರು ವಾಹನ ಕಾಯಿದೆಯಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರಬಾರದು. ಮೇಷ್ಟ್ರ ಅಮಲಿಗೆ ಮಾತ್ರ ನಡತೆಯ ನಿಯಮದಲ್ಲಿ ಅಂಥ ಅಂಕಿಯಿಲ್ಲ. ದೂರು ಕೊಟ್ಟವರ ಮೂಗೇ ತಕ್ಕಡಿ, ಮೊಬೈಲಿನ ಚಿತ್ರವೇ ಬಟ್ಟು. ಸಕ್ಕರೆ ಕಾಯಿಲೆಯವರಿಗೆ ರಕ್ತದಲ್ಲಿ ಸಕ್ಕರೆ ಇಳಿದುಹೋದಾಗ ಅವರು ತೊದಲುತ್ತಾರೆ, ತೂರಾಡುತ್ತಾರೆ. ಕಾಯಿಲೆ ವಿಪರೀತಕ್ಕೇರಿದಾಗ ಉಸಿರಿಗೂ ಒಂದು ವಿಚಿತ್ರ ವಾಸನೆ ಬರುತ್ತದೆ. ನೋಡಿದವರು ಕುಡಿದಿದ್ದಾನೆಂದೇ ಹೇಳುತ್ತಾರೆ. ಅಂಥವನಿಗೆ ಬೇಕಾದದ್ದು ಡಾಕ್ಟರು, ಅಮಾನತು ಆದೇಶವಲ್ಲ.

1971ರಲ್ಲಿ ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದೇ ಪ್ರಶ್ನೆಯನ್ನು ನೋಡಿತು. ಬಾಯಿಯ ವಾಸನೆ, ತೂರಾಟ, ತೊದಲು ಮಾತು, ಹಿಗ್ಗಿದ ಕಣ್ಣುಪಾಪೆ, ಇಷ್ಟರಿಂದಲೇ ಒಬ್ಬ ಅಮಲಿನಲ್ಲಿದ್ದನೆಂದು ತೀರ್ಮಾನಿಸಲಾಗದು ಎಂದಿತು. ಅದು ಕ್ರಿಮಿನಲ್ ಮೊಕದ್ದಮೆ. ಇಲಾಖೆಯ ವಿಚಾರಣೆಗೆ ಅಷ್ಟು ಬಿಗಿಯಾದ ಸಾಕ್ಷ್ಯ ಬೇಕಾಗಿಲ್ಲವೆಂಬುದು ನಿಜ. ಹಾಗೆಂದು ಸಾಕ್ಷ್ಯವೇ ಬೇಡವೆಂದು ಅರ್ಥವೆ? ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದರೆ ಸತ್ಯ ತಿಳಿಯುತ್ತದೆ. ಆದರೆ ಅದನ್ನು ತಡಮಾಡದೆ ಮಾಡಬೇಕು. ರಕ್ತದಲ್ಲಿರುವ ಮದ್ಯಸಾರ ಗಂಟೆಗೆ ಸುಮಾರು 15ರಿಂದ 20 ಮಿಲಿಗ್ರಾಂನಂತೆ ಕರಗಿಹೋಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಹಿಡಿದವನನ್ನು ಸಂಜೆ ಪರೀಕ್ಷಿಸಿದರೆ ನಿಜವಾಗಿ ಕುಡಿದವನೂ ಪಾರಾಗುತ್ತಾನೆ. ಪಾರಾದ ಮೇಲೆ ಅದೇ ಅಧಿಕಾರಿಗಳು ‘ಏನು ಮಾಡುವುದು, ಕೋರ್ಟುಗಳು ಬಿಡುವುದಿಲ್ಲ’ ಎಂದು ಕೈ ತೊಳೆಯುತ್ತಾರೆ.

ಕೋರ್ಟುಗಳ ಮೇಲೆ ಹೊರಿಸುವ ಈ ಮಾತು ಸುಳ್ಳು. ಕೇಂದ್ರೀಯ ವಿದ್ಯಾಲಯವೊಂದರ ಜವಾನನೊಬ್ಬ ಕುಡಿದು ಪ್ರಿನ್ಸಿಪಾಲರ ಕೊಠಡಿಗೆ ನುಗ್ಗಿದ್ದಕ್ಕೆ ಕೆಲಸ ಕಳೆದುಕೊಂಡ. ಶಿಕ್ಷೆ ಹೆಚ್ಚಾಯಿತೆಂದು ಹೈಕೋರ್ಟು ಇಳಿಸಿತು. 2013ರಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ, ತೆಗೆದದ್ದೇ ಸರಿಯೆಂದಿತು. ತಪ್ಪು ಸ್ಥಾಪಿತವಾಗಿದ್ದರೆ ಕೋರ್ಟು ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಅಧಿಕಾರಿಗಳ ಸೋಮಾರಿತನ. (ಅಂದಹಾಗೆ, ಇಂಥ ಮೊಕದ್ದಮೆಯಲ್ಲಿ ಕೊನೆಯ ತನಕ ಹೋಗಿ ಕೆಲಸ ಕಳೆದುಕೊಂಡವನು ಜವಾನನೇ ಎಂಬುದನ್ನೂ ಓದುಗರು ಗಮನಿಸಬೇಕು.)

ಅಮಾನತಾದ ಮೇಲೆ ಏನಾಗುತ್ತದೆ? ಜೀವನಾಧಾರ ಭತ್ಯೆಯೆಂದು ಸಂಬಳದ ಒಂದು ಭಾಗ ಮಾತ್ರ ಬರುತ್ತದೆ. ಅದೂ ಬಾರದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಕೋಲಾರದ ಚಿನ್ನದ ಗಣಿಯೇ ಸಾಕ್ಷಿ. ಭಾರತ್ ಗೋಲ್ಡ್ ಮೈನ್ಸ್ ಕಂಪೆನಿಯು ಅಮಾನತಿನಲ್ಲಿದ್ದ ಒಬ್ಬ ನೌಕರನಿಗೆ ಭತ್ಯೆ ಕೊಡಲಿಲ್ಲ. ಕೇರಳದಿಂದ ವಿಚಾರಣೆಗೆ ಬರಲು ಆತನಲ್ಲಿ ದುಡ್ಡಿರಲಿಲ್ಲ. ಆತನಿಲ್ಲದೆಯೇ ವಿಚಾರಣೆ ಮುಗಿಸಿ ಡಿಸ್ಮಿಸ್ ಮಾಡಿದರು. 1999ರಲ್ಲಿ ಸುಪ್ರೀಂ ಕೋರ್ಟು ಆ ವಿಚಾರಣೆಯನ್ನು ಒಪ್ಪಲಿಲ್ಲ. ಆರೋಪಪಟ್ಟಿಯನ್ನೇ ಕೊಡದೆ ಮೂರು ತಿಂಗಳ ಮೇಲೆ ಅಮಾನತನ್ನು ಎಳೆಯಬಾರದೆಂದು 2015ರಲ್ಲಿ ಅದೇ ಕೋರ್ಟು ಹೇಳಿತು. ಆದರೂ ಕಡತ ಮಲಗುತ್ತದೆ. ಸಾಕ್ಷಿ ಹೇಳಿದ ಮಕ್ಕಳು ಏಳನೆಯ ತರಗತಿ ದಾಟಿ ಹೋಗುತ್ತಾರೆ, ಚಿತ್ರ ಹಿಡಿದವನು ಬೆಂಗಳೂರು ಸೇರುತ್ತಾನೆ. ಒಂದು ದಿನ ಅಮಾನತು ತೆರವಾಗಿ ಮೇಷ್ಟ್ರಿಗೆ ಬೇರೆ ಸ್ಥಳ ತೋರಿಸುತ್ತಾರೆ. ಆ ಸ್ಥಳ ತಾಲ್ಲೂಕಿನ ಪಟ್ಟಣವಾಗಿರುವುದು ಅಪರೂಪ. ಬಸ್ಸು ಹೋಗದ, ದೂರು ಬರೆಯಲು ಬಾರದ ಜನರಿರುವ ಯಾವುದೋ ಹಟ್ಟಿ, ತಾಂಡ ಆಗಿರುತ್ತದೆ. ರೋಗವನ್ನು ಬಡವನ ಮನೆಗೆ ವರ್ಗ ಮಾಡಿದಂತೆ! ಇತ್ತ ಮೊದಲಿನ ಶಾಲೆ ಏಕೋಪಾಧ್ಯಾಯ ಶಾಲೆಯಾಗಿದ್ದರೆ ಅಮಾನತಿನ ದಿನವೇ ಅದಕ್ಕೆ ಬೀಗ ಬಿದ್ದಿರುತ್ತದೆ. ಯಾರನ್ನು ಶಿಕ್ಷಿಸಿದಂತಾಯಿತು?

ಕುಡಿತ ಚಟ ಮಾತ್ರವಲ್ಲ, ಕೆಲವರಿಗೆ ಅದು ಕಾಯಿಲೆ. ವೈದ್ಯರು ಹಾಗೆ ಹೇಳುತ್ತಾರೆ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ವಿಭಾಗವಿದೆ. ವರ್ಷಗಟ್ಟಲೆ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಮೈ ನಡುಗಿ, ಭ್ರಮೆ ಹಿಡಿದು, ಪ್ರಾಣಕ್ಕೇ ಅಪಾಯವಾಗಬಹುದು. ಮನೆಯಲ್ಲಿ ಕೂಡಿಹಾಕಿದರೆ ಸರಿಹೋಗುತ್ತಾನೆಂದು ತಿಳಿದ ಹೆಂಡತಿ ಮಕ್ಕಳು ಇದನ್ನು ಅರಿತಿರಬೇಕು. ಮೊದಲ ಸಲ ಸಿಕ್ಕಿಬಿದ್ದ, ಮಗುವಿಗೆ ಹಾನಿ ಮಾಡದ ಉಪಾಧ್ಯಾಯನಿಗೆ ಚಿಕಿತ್ಸೆಯ ಅವಕಾಶ ಕೊಡಿ, ರಜೆ ಕೊಡಿ, ಡಾಕ್ಟರ ಸರ್ಟಿಫಿಕೇಟು ತಂದ ಮೇಲೆ ತರಗತಿಗೆ ಬಿಡಿ. ಮತ್ತೆ ಕುಡಿದು ಬಂದರೆ ವಿಚಾರಣೆ ಮಾಡಿ ತೆಗೆಯಿರಿ. ಇದು ನಮ್ಮ ಅಭಿಪ್ರಾಯ. ಹೀಗೆ ತೆಗೆದಾಗ ನಾವು ಒಂದು ಹನಿ ಕಣ್ಣೀರನ್ನೂ ಹಾಕುವುದಿಲ್ಲ.

ಸರ್ಕಾರದ ನೀತಿಬೋಧೆಯನ್ನು ಕೇಳುವಾಗ ನಮಗೆ ನಗು ಬರುತ್ತದೆ. 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿದರು, ಸಂತೋಷ. ಆದರೆ 2003ರಿಂದ ಮದ್ಯದ ಸಗಟು ವ್ಯಾಪಾರ ಸರ್ಕಾರದ್ದೇ ಕಂಪೆನಿಯ ಕೈಯಲ್ಲಿದೆ. 2025-26ರ ಆಯವ್ಯಯದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿಯಿಟ್ಟರು. ಶಾಲೆಯಿಂದ 100 ಮೀಟರ್ ದೂರವಿದ್ದರೆ ಅಂಗಡಿ ತೆರೆಯಬಹುದು. ನೂರಾಒಂದನೆಯ ಮೀಟರಿನಲ್ಲಿ ಲೈಸೆನ್ಸು, ನೂರರೊಳಗೆ ಸದಾಚಾರ. ಬಿಹಾರದಲ್ಲಿ ಇನ್ನೊಂದು ವಿನೋದ ನಡೆಯಿತು. 2016ರಲ್ಲಿ ಪಾನನಿಷೇಧ ತಂದ ಸರ್ಕಾರ 2022ರ ಜನವರಿಯಲ್ಲಿ, ಕುಡಿಯುವವರನ್ನೂ ಮಾರುವವರನ್ನೂ ಪತ್ತೆಹಚ್ಚಿ ತಿಳಿಸಿರೆಂದು ಮೇಷ್ಟ್ರುಗಳಿಗೇ ಕಾಗದ ಬರೆಯಿತು. ಪಾಠ ಹೇಳುವ ಕೆಲಸವೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಮೇಷ್ಟ್ರು ಬೇಕು. ಆದರೂ ಇದಾವುದೂ ಕುಡಿದು ತರಗತಿಗೆ ಬಂದವನಿಗೆ ನೆಪವಾಗಲಾರದು.

ಖಾಸಗಿ ಶಾಲೆಯವರಿಗೆ 1983ರ ಕರ್ನಾಟಕ ಶಿಕ್ಷಣ ಕಾಯಿದೆಯ 92ನೇ ಪ್ರಕರಣವಿದೆ. ಅಲ್ಲಿಯೂ ವಿಚಾರಣೆಯಿಲ್ಲದೆ ತೆಗೆಯುವಂತಿಲ್ಲ. ತೆಗೆದರೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅತಿಥಿ ಶಿಕ್ಷಕರ ಪಾಡು ಮಾತ್ರ ಹಳೆಯ ಮಿಲ್ಲಿನ ಬದಲಿ ಕೂಲಿಯವನ ಪಾಡೇ. ಅವರಿಗೆ ಚಾರ್ಜ್ ಷೀಟೂ ಇಲ್ಲ, ಭತ್ಯೆಯೂ ಇಲ್ಲ. ನಿಜವೋ ಸುಳ್ಳೋ, ಒಂದು ದೂರು ಬಂದರೆ ಮಾರನೆಯ ದಿನ ಇನ್ನೊಬ್ಬರು ಬಂದಿರುತ್ತಾರೆ. ಒಂದೇ ಶಾಲೆಯ ಒಂದೇ ಕರಿಹಲಗೆಯ ಮುಂದೆ ಇಬ್ಬರು ನಿಂತಿದ್ದಾರೆ, ಒಂದೇ ಆರೋಪಕ್ಕೆ ಒಬ್ಬನಿಗೆ ವರ್ಷಗಟ್ಟಲೆ ವಿಚಾರಣೆ, ಇನ್ನೊಬ್ಬನಿಗೆ ಒಂದು ಗಂಟೆಯೂ ಇಲ್ಲ. ಇದನ್ನು ಶಿಕ್ಷಕರ ಸಂಘಗಳು ಎತ್ತಿ ಹಿಡಿಯಬೇಕಿತ್ತು. ಖಾಯಂ ಆದವರ ಬಡ್ತಿ, ವರ್ಗಾವಣೆಗಳ ಗಲಾಟೆಯಲ್ಲಿ ಅವರಿಗೆ ಪುರುಸೊತ್ತಾಗಿಲ್ಲ.

ತಂದೆತಾಯಿಗಳು ಚಿತ್ರ ಹಿಡಿದು ಸುಮ್ಮನಾಗಬಾರದು. 2001ರಿಂದ ನಮ್ಮ ಶಾಲೆಗಳಲ್ಲಿ ಎಸ್‌ಡಿಎಂಸಿಗಳಿವೆ. ಅವುಗಳ ಸಭೆಗೆ ಹೋಗಿ. ದೂರನ್ನು ಬರೆದು ಕೊಡಿ, ದಿನಾಂಕ ವೇಳೆ ಹಾಕಿ, ಕಂಡ ಇಬ್ಬರ ಸಹಿ ಪಡೆಯಿರಿ, ಅಂದೇ ವೈದ್ಯ ಪರೀಕ್ಷೆಯಾಗಲೆಂದು ಒತ್ತಾಯಿಸಿ, ಮಾರನೆಯ ದಿನವೇ ಬದಲಿ ಮೇಷ್ಟ್ರು ಬರಲೆಂದು ಕೇಳಿ. ಜಿಲ್ಲೆಯ ಲೆಕ್ಕವನ್ನೂ ಕೇಳಿ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ಒಂದೇ ವಿಷಯಕ್ಕೆ, 150 ಪದಗಳೊಳಗೆ ಅರ್ಜಿ ಬರೆದರೆ ಸಾಕು. ಹೆಸರು ಕೇಳಬೇಡಿ, ನೌಕರನ ಮೇಲಿನ ಶಿಸ್ತುಕ್ರಮದ ವಿವರ ಖಾಸಗಿ ಸಂಗತಿಯೆಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿರುವುದರಿಂದ ಕೊಡುವುದಿಲ್ಲ. ಅಂಕಿ ಕೇಳಿ. ಕಳೆದ ಐದು ವರ್ಷಗಳಲ್ಲಿ ಕುಡಿತದ ಆರೋಪದ ಮೇಲೆ ಅಮಾನತಾದವರು ಎಷ್ಟು ಮಂದಿ, ಅವರಲ್ಲಿ ಅಂದೇ ವೈದ್ಯ ಪರೀಕ್ಷೆಯಾದವರು ಎಷ್ಟು, ಮೂರು ತಿಂಗಳೊಳಗೆ ಆರೋಪಪಟ್ಟಿ ಪಡೆದವರು ಎಷ್ಟು, ವಿಚಾರಣೆ ಮುಗಿಯದೆಯೇ ಬೇರೆ ಶಾಲೆಗೆ ಹೋದವರು ಎಷ್ಟು, ಆ ಶಾಲೆಗಳು ಯಾವ ಹೋಬಳಿಯವು. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಬಂದ ಉತ್ತರದ ಪ್ರತಿಯನ್ನು ನಮ್ಮ ಕಚೇರಿಗೆ ತಲುಪಿಸಿದರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.