ಕ್ರಾಫ್ಟ್ ಬಿಯರ್‌ಗೆ ಹಾಗಲಕಾಯಿ ಗೊಜ್ಜು ತಿಂದ ನಾಲಗೆ ಸಾಕು

ಬೆಂಗಳೂರಿನ ಕೆಲವು ದೊಡ್ಡ ಸೂಪರ್‌ಮಾರ್ಕೆಟ್‌ಗಳ ಬಿಯರ್ ವಿಭಾಗಕ್ಕೂ, ಜಾಲರಿಯೊಳಗೆ ಕೈ ತೂರಿಸಿ ದುಡ್ಡು ಕೊಡುವ ಎಂಆರ್‌ಪಿ ಅಂಗಡಿಗೂ ಸಂಬಂಧವೇ ಇಲ್ಲ. ಎಸಿ ಗಾಳಿ, ಸಾಲು ಫ್ರಿಜ್, ಕಾಮಿಕ್ಸ್ ಪುಸ್ತಕದಂಥ ಬಣ್ಣದ ಕ್ಯಾನ್‌ಗಳು. ಐಪಿಎ, ವಿಟ್, ಸ್ಟೌಟ್, ಹೆಫೆವೈಜನ್. ಹಾಸನದಿಂದಲೋ ಸಿಂಧನೂರಿನಿಂದಲೋ ಬಂದು ಈಗಷ್ಟೇ ಕೆಲಸಕ್ಕೆ ಸೇರಿದವರು ಇವುಗಳ ಮುಂದೆ ನಿಂತರೆ ಥೇಟ್ ಇಂಟರ್‌ವ್ಯೂಗೆ ಕೂತವರಂತೆ ಕಾಣುತ್ತಾರೆ. ಪಕ್ಕದಲ್ಲಿ ಸಹೋದ್ಯೋಗಿಯೊಬ್ಬ ‘ಸಿಟ್ರಸ್ ನೋಟ್ಸ್’, ‘ಹಾಪಿ ಫಿನಿಶ್’ ಎಂದು ಇಂಗ್ಲಿಷ್ ಹರಿಸುತ್ತಿರುತ್ತಾನೆ. ಗೊತ್ತಿಲ್ಲ ಎನ್ನಲು ಸಂಕೋಚ. ಕೊನೆಗೆ ಎಲ್ಲಕ್ಕಿಂತ ದುಬಾರಿಯದ್ದೇ ಬುಟ್ಟಿಗೆ ಬೀಳುತ್ತದೆ.

(21 ತುಂಬದವರು ಸುಮ್ಮನೆ ಓದಿಕೊಳ್ಳಿ. ವಯೋಮಿತಿಯನ್ನು 18ಕ್ಕೆ ಇಳಿಸುವ ಪ್ರಸ್ತಾವ 2023ರ ಜನವರಿಯಲ್ಲಿ ಬಂದು, ವಿರೋಧ ಎದ್ದ ಮೇಲೆ ಅದೇ ತಿಂಗಳು ವಾಪಸಾಯಿತು.)

ಈ ಸಂಕೋಚಕ್ಕೆ ಅರ್ಥವೇ ಇಲ್ಲ ಎನ್ನುವುದು ನನ್ನ ವಾದ. ಬೆಲ್ಜಿಯಂ ಶೈಲಿಯ ವಿಟ್ ಬಿಯರ್‌ಗೆ ಗೋಧಿಯ ಜೊತೆ ಹಾಕುವುದು ಏನು ಗೊತ್ತೇ? ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ. ಸಾರಿನ ಪುಡಿಯ ಡಬ್ಬಿ ಮುಚ್ಚಳ ತೆಗೆದವರಿಗೆ, ಕಿತ್ತಳೆ ಸಿಪ್ಪೆ ಗೊಜ್ಜು ಉಂಡವರಿಗೆ ಇದರಲ್ಲಿ ಹೊಸತೇನಿದೆ? ಜರ್ಮನಿಯ ಹೆಫೆವೈಜನ್‌ನಲ್ಲಿ ಬಾಳೆಹಣ್ಣು, ಲವಂಗದ ಪರಿಮಳ ಬರುತ್ತದೆ. ಅವೆರಡನ್ನೂ ಅದಕ್ಕೆ ಹಾಕಿರುವುದಿಲ್ಲ, ಎಲ್ಲ ಯೀಸ್ಟ್ ಮಾಡುವ ಕೆಲಸ. ಸ್ಟೌಟ್‌ನಲ್ಲಿರುವುದು ಕಪ್ಪಗೆ ಹುರಿದ ಬಾರ್ಲಿ, ಸಕ್ಕರೆ ಇಲ್ಲದ ಫಿಲ್ಟರ್ ಕಾಫಿಯ ನೆಂಟ. ಐಪಿಎಯ ಕಹಿ ಹಾಪ್ಸ್ ಎಂಬ ಬಳ್ಳಿಯ ಹೂವಿನದು. ಯುಗಾದಿಗೆ ಬೇವು ಅಗಿದು, ವಾರಕ್ಕೊಮ್ಮೆ ಹಾಗಲಕಾಯಿ ಗೊಜ್ಜು ತಿಂದು ಬೆಳೆದ ನಾಲಗೆಗೆ ಕಹಿಯ ಪಾಠ ಬೇರೆಯವರು ಹೇಳಬೇಕೇ? ಒಗರು, ಕಮಟು, ಹುಳಿ, ಘಾಟು ಎಂಬ ಮಾತುಗಳು ನಮ್ಮ ಬಾಯಲ್ಲಿ ಮೊದಲಿನಿಂದಲೂ ಇವೆ. ‘ಸ್ವಲ್ಪ ಒಗರು ಮಾರಾಯ’ ಎಂದರೆ ಅದೂ ಒಂದು ಟೇಸ್ಟಿಂಗ್ ನೋಟ್.

ಇನ್ನು ‘ಕ್ರಾಫ್ಟ್’ ಎಂಬ ಪದ. ಸಣ್ಣ ಭಟ್ಟಿ, ಯಾರೋ ಒಬ್ಬನ ಕೈರುಚಿ ಎಂಬ ಚಿತ್ರ ತೋರಿಸಿ ಅದು ಬೆಲೆ ಏರಿಸುತ್ತದೆ. ಹೂಗಾರ್ಡನ್ ಕತೆ ಕೇಳಿ (ನಮ್ಮ ಕಿವಿಗೆ ಹೂವಿನ ತೋಟ ಅನ್ನಿಸಿದರೂ ಅದು ಬೆಲ್ಜಿಯಂನ ಒಂದು ಊರು). ಆ ಊರಲ್ಲಿ ನಿಂತೇಹೋಗಿದ್ದ ವಿಟ್ ಬಿಯರ್ ತಯಾರಿಕೆಯನ್ನು 1966ರಲ್ಲಿ ಮತ್ತೆ ಶುರುಮಾಡಿದವನು ಪಿಯರ್ ಸೆಲಿಸ್, ಹಾಲು ಮಾರುತ್ತಿದ್ದವನು. 1985ರಲ್ಲಿ ಬ್ರೂವರಿಗೆ ಬೆಂಕಿ ಬಿತ್ತು, ನೆರವಿಗೆ ದೊಡ್ಡ ಕಂಪನಿ ಬಂತು. ಇವತ್ತು ಆ ಬ್ರ್ಯಾಂಡ್ ಇರುವುದು ಜಗತ್ತಿನ ಅತಿ ದೊಡ್ಡ ಬಿಯರ್ ಕಂಪನಿ ಎಬಿ ಇನ್‌ಬೆವ್ ಕೈಯಲ್ಲಿ. ಬಿಯರ್ ಕೆಟ್ಟದ್ದು ಅಂತಲ್ಲ, ಸಣ್ಣವರಿಗೆ ನೆರವಾದೆ ಎಂದುಕೊಂಡು ಕೊಳ್ಳಬೇಡಿ ಅಷ್ಟೆ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್, ವರ್ಷಕ್ಕೆ 60 ಲಕ್ಷ ಬ್ಯಾರೆಲ್ ಮೀರದ, ಶೇ 25ರಷ್ಟು ಪಾಲು ಹೊರಗಿನ ಮದ್ಯ ಕಂಪನಿಗಳ ಕೈಗೆ ಹೋಗದ ಬ್ರೂವರಿಗಷ್ಟೇ ಕ್ರಾಫ್ಟ್ ಎನ್ನುತ್ತದೆ. ನಮ್ಮ ಫ್ರಿಜ್ ಬಾಗಿಲ ಮೇಲೆ ಅಂಥ ಗೆರೆ ಕಾಣುವುದಿಲ್ಲ.

ಹಾಗಾಗಿ ಮುಂಭಾಗದ ಚಿತ್ರ ಬಿಟ್ಟು ಸಣ್ಣ ಅಕ್ಷರ ಓದಬೇಕು. ಮೊದಲು ತಯಾರಾದ ದಿನಾಂಕ: ಹಾಪ್ಸ್ ಪರಿಮಳ ಬೇಗ ಇಳಿಯುತ್ತದೆ, ಹಳೇ ಐಪಿಎಗೆ ಹೊಸದರ ಬೆಲೆ ಕೊಡುವುದು ದಂಡ. ಬೆಳಕು ಬಿದ್ದರೆ ಬಿಯರ್ ನಾರುತ್ತದೆ. ಹಸಿರು ಬಾಟಲಿ ಅದನ್ನು ತಡೆಯುವುದು ಕಡಿಮೆ, ಕಂದು ಬಾಟಲಿ ವಾಸಿ, ಕ್ಯಾನ್ ಇನ್ನೂ ವಾಸಿ. ಆಮೇಲೆ ಆಲ್ಕೋಹಾಲ್ ಪ್ರಮಾಣ. ಶೇ 5ರ 330 ಎಂಎಲ್ ಬಾಟಲಿಯಲ್ಲಿ ಅಪ್ಪಟ ಆಲ್ಕೋಹಾಲ್ 16.5 ಎಂಎಲ್, ಶೇ 8ರ 500 ಎಂಎಲ್ ಕ್ಯಾನ್‌ನಲ್ಲಿ 40 ಎಂಎಲ್. ಎರಡಕ್ಕೂ ‘ಒಂದು ಬಿಯರ್’ ಎಂದೇ ಲೆಕ್ಕ ಹೇಳುತ್ತೇವೆ! ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದು ಕ್ರಾಫ್ಟ್‌ಗೂ ಅನ್ವಯಿಸುತ್ತದೆ.

ಮೈಕ್ರೊಬ್ರೂವರಿಯಲ್ಲಾದರೆ ಪುಟ್ಟ ಲೋಟದಲ್ಲಿ ರುಚಿ ನೋಡಿ ಆಮೇಲೆ ಆರ್ಡರ್ ಮಾಡಬಹುದು. ಸೂಪರ್‌ಮಾರ್ಕೆಟ್‌ನಲ್ಲಿ ಆ ಸೌಕರ್ಯವಿಲ್ಲ. ನಾಲ್ವರು ಸೇರಿ ಎರಡು ಬಗೆ ತಂದು, ಗಾಜಿನ ಲೋಟಕ್ಕೆ ಬಗ್ಗಿಸಿ, ಮೂಸಿ, ಗುಟುಕು ಗುಟುಕಾಗಿ ನೋಡಿದರೆ ಕಾಸೂ ಉಳಿಯುತ್ತದೆ, ರುಚಿಯೂ ತಿಳಿಯುತ್ತದೆ. ‘ಕಿಕ್ ಬರಲಿಲ್ಲ’ ಎಂದು ಗೊಣಗುವವನಿಗೆ ಇದು ಹೇಳಿಮಾಡಿಸಿದ್ದಲ್ಲ.

ಮತ್ತೆ, ಕುಡಿಯದವರು ಆ ನಾಲ್ವರಲ್ಲಿ ಇದ್ದೇ ಇರುತ್ತಾರೆ. ಅವರಿಗೆ ‘ಒಂದೇ ಗುಟುಕು’ ಎಂದು ದುಂಬಾಲು ಬೀಳುವುದು ಸಾಕು. ಒಟ್ಟು ಬಿಲ್ಲನ್ನು ತಲೆಗೆ ಇಷ್ಟೆಂದು ಆ್ಯಪ್‌ನಲ್ಲಿ ಸಮವಾಗಿ ಹಂಚುವುದಂತೂ ಶುದ್ಧ ಮೋಸ. ನಿಂಬೆ ಸೋಡಾ ಕುಡಿದವಳಿಂದ ಸೋಡಾ ದುಡ್ಡು ಮಾತ್ರ ತಗೊಳ್ಳಿ.