ಮುದ್ದೆ ಬಿಟ್ಟ ಹತ್ತು ವಾರ

ಹೋದ ವರ್ಷ ಯುಗಾದಿ ದಿನ ನಾನು ಬೇವು-ಬೆಲ್ಲದಲ್ಲಿ ಬೇವನ್ನಷ್ಟೇ ಆರಿಸಿಕೊಂಡು ತಿಂದೆ. ಎಲೆಗೆ ಬಿದ್ದ ಹೋಳಿಗೆಯನ್ನು ಪಕ್ಕದಲ್ಲಿ ಕೂತಿದ್ದ ತಂಗಿಯ ಎಲೆಗೆ ದಾಟಿಸಿ, ತುಪ್ಪ ಮಾತ್ರ ಬೇರೆ ಹಾಕಿಸಿಕೊಂಡು ಹುರುಳಿಕಾಯಿ ಪಲ್ಯಕ್ಕೆ ಸುರಿದುಕೊಂಡೆ. ಅವ್ವ ಸ್ವಲ್ಪ ಹೊತ್ತು ನೋಡಿದಳು. "ಯಾಕ್ಲಾ ಮಗ, ಬೆಲ್ಲ ಏನ್ ಮಾಡ್ತು ನಿಂಗೆ?" ಅಂದಳು. ಅಪ್ಪ ಏನೂ ಹೇಳಲಿಲ್ಲ. ಅವರೂ ನನ್ನ ಎಲೆಯನ್ನೇ ನೋಡ್ತಿದ್ದರು ಅನ್ನೋದು ನನಗೆ ತಿಳಿದದ್ದು ಎರಡು ತಿಂಗಳು ಕಳೆದ ಮೇಲೆ.

ನಮ್ಮೂರು ಬಿಳಿಗೆರೆ. ಈ ಕಡೆ ನಂಜನಗೂಡು, ಆ ಕಡೆ ತಿ. ನರಸೀಪುರ, ಸುತ್ತ ಭತ್ತದ ಗದ್ದೆ. ಇಂಥ ಊರಲ್ಲಿ ಹುಟ್ಟಿದವನು ಅನ್ನ ಬಿಡ್ತೀನಿ ಅಂದ್ರೆ ಜನ ಮೊದಲು ಕೇಳೋದು "ಹುಷಾರಿಲ್ವಾ?" ಅಂತಲೇ. ನನಗೆ ಕೆಲಸ ಮೈಸೂರಿನಲ್ಲಿ. ಐದು ವರ್ಷದಿಂದ ಸೈಕಲ್ ರೇಸ್ ಓಡಿಸ್ತೀನಿ. ಹೆಸರು ಮಾಡಿದವನೇನಲ್ಲ. ಸ್ಥಳೀಯ ರೇಸ್‌ಗಳಲ್ಲಿ ಮೊದಲ ಹತ್ತರೊಳಗೆ ಬರ್ತಿದ್ದೆ, ಎರಡು ಸಲ ಪೋಡಿಯಂ ಹತ್ತಿದ್ದೆ. ಮೂರನೇ ಸಲ ಹತ್ತೋ ಆಸೆ ಇತ್ತು.

ಆ ಆಸೆಗೆ ಒಂದು ಲೆಕ್ಕ ಸಿಕ್ಕಿತು. ಲೋ ಕಾರ್ಬ್, ಹೈ ಫ್ಯಾಟ್ ಅನ್ನೋರೆಲ್ಲ ಹೇಳೋ ಲೆಕ್ಕ ಅದು. ನಮ್ಮ ಮಾಂಸಖಂಡ ಮತ್ತು ಲಿವರ್‌ನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳೋ ಪಿಷ್ಟ ಹೆಚ್ಚೆಂದರೆ 500 ಗ್ರಾಂ ಆಸುಪಾಸು, ಅಂದರೆ 2,000 ಕ್ಯಾಲೊರಿ. ಜೋರಾಗಿ ಪೆಡಲ್ ಮಾಡಿದರೆ ಎರಡು-ಮೂರು ಗಂಟೆಯಲ್ಲಿ ಖಾಲಿ. ಅದೇ 70 ಕೆ.ಜಿ. ತೂಕದ ಒಣಕಲು ಸೈಕ್ಲಿಸ್ಟ್‌ನ ಮೈಯಲ್ಲಿ ಶೇ. 10 ಕೊಬ್ಬಿದ್ದರೂ 7 ಕೆ.ಜಿ. ಆಯ್ತು, ಸುಮಾರು 60,000 ಕ್ಯಾಲೊರಿ. ಚಿಕ್ಕ ಟ್ಯಾಂಕ್ ಬಿಟ್ಟು ದೊಡ್ಡ ಟ್ಯಾಂಕ್‌ನಿಂದ ಓಡೋದನ್ನು ದೇಹಕ್ಕೆ ಕಲಿಸಿಬಿಟ್ಟರೆ ಮುಗೀತಲ್ಲ? ಕೇಳಿದಾಗ ನನಗೂ ಇಷ್ಟು ದಿನ ಯಾಕೆ ಹೊಳೀಲಿಲ್ಲ ಅನ್ನಿಸಿತು.

ನಿಯಮ ಇಷ್ಟೇ. ದಿನಕ್ಕೆ 50 ಗ್ರಾಂ ಒಳಗೆ ಕಾರ್ಬೋಹೈಡ್ರೇಟ್, ಮುಕ್ಕಾಲು ಪಾಲು ಕ್ಯಾಲೊರಿ ಕೊಬ್ಬಿನಿಂದ. 100 ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆಯಲ್ಲೇ ಸುಮಾರು 70 ಗ್ರಾಂ ಇದೆ. ಒಂದು ಮುದ್ದೆ ಉಂಡರೆ ಅವತ್ತಿನದು ಮಾತ್ರ ಅಲ್ಲ, ನಾಳೆಯದೂ ಸ್ವಲ್ಪ ತಿಂದ ಹಾಗೆ.

ಮನೆಯಲ್ಲಿ ಮೊಟ್ಟೆ ತರೋ ಹಾಗಿಲ್ಲ. ಮೈಸೂರಿನ ರೂಮಿನಲ್ಲಿ ಬೆಳಗ್ಗೆ ನಾಲ್ಕು ಮೊಟ್ಟೆ, ಮಧ್ಯಾಹ್ನ ತುಪ್ಪದಲ್ಲಿ ಹುರಿದ ಪನೀರ್, ಸೊಪ್ಪಿನ ಪಲ್ಯ, ಗಟ್ಟಿ ಮೊಸರು. ಜೇಬಿನಲ್ಲಿ ಕಡಲೆಕಾಯಿ ಬೀಜ, ಒಣ ಕೊಬ್ಬರಿ. ಹೋಟೆಲ್‌ನಲ್ಲಿ ಇಡ್ಲಿ ಬಿಟ್ಟು ಬರೀ ಕಾಯಿಚಟ್ನಿ ಕೇಳಿದಾಗ ಸಪ್ಲೈಯರ್ ನೋಡಿದ ನೋಟ ಇನ್ನೂ ನೆನಪಿದೆ. ಶನಿವಾರ ಊರಿಗೆ ಹೋದರೆ ಅವ್ವ ಮಾಡಿದ ಉಪ್ಪೆಸರನ್ನು ಮುದ್ದೆ ಇಲ್ಲದೆ ಲೋಟಕ್ಕೆ ಹಾಕಿಸಿಕೊಂಡು ಕುಡೀತಿದ್ದೆ. ತಿಂಗಳ ಊಟದ ಖರ್ಚು ಹೆಚ್ಚುಕಮ್ಮಿ ದುಪ್ಪಟ್ಟಾಯಿತು. ಅನ್ನ ಬಿಡೋದು ಅಗ್ಗದ ವ್ರತ ಅಲ್ಲ.

ಮೊದಲ ಹತ್ತು ದಿನದ ಬಗ್ಗೆ ಹೆಚ್ಚು ಹೇಳೋಕೆ ಏನಿಲ್ಲ. ತಲೆನೋವು, ಮೀನಖಂಡದಲ್ಲಿ ಸೆಳೆತ, ಆಫೀಸಿನ ಮೆಟ್ಟಿಲು ಹತ್ತಿದರೂ ಏದುಸಿರು. ಕಾರ್ಬ್ ಕಡಿಮೆಯಾದಾಗ ಇನ್ಸುಲಿನ್ ಇಳಿಯುತ್ತೆ, ಆಗ ಕಿಡ್ನಿ ಉಪ್ಪನ್ನೂ ನೀರನ್ನೂ ಹೊರಗೆ ಹಾಕುತ್ತೆ. ಮೊದಲ ವಾರದಲ್ಲೇ ಎರಡು ಕೆ.ಜಿ. ಇಳಿದು ನಾನು ಹಿಗ್ಗಿದ್ದೆ. ಅದರಲ್ಲಿ ಬಹುಪಾಲು ನೀರು. ಉಪ್ಪು ಜಾಸ್ತಿ ಹಾಕಿದ ಮಜ್ಜಿಗೆ ಕುಡಿಯೋಕೆ ಶುರು ಮಾಡಿದ ಮೇಲೆ ಸೆಳೆತ ನಿಂತಿತು.

ನಾಲ್ಕನೇ ವಾರದ ಹೊತ್ತಿಗೆ ಮಜಾ ಶುರುವಾಯಿತು. ಬೆಳಗ್ಗೆ ಬಿಳಿಗೆರೆಯಿಂದ ಹೊರಟು ಸುತ್ತೂರು ದಾಟಿ, ತಿ. ನರಸೀಪುರದಲ್ಲಿ ಕಾವೇರಿ-ಕಪಿಲೆ ಕೂಡೋ ಕಡೆ ಐದು ನಿಮಿಷ ನಿಂತು, ಮೈಸೂರು ಸುತ್ತಿಕೊಂಡು ನಂಜನಗೂಡಿನ ಮೇಲೆ ವಾಪಸ್. ಅಷ್ಟಕ್ಕೂ ಸೇರಿ ಒಂದು ಹಿಡಿ ಕಡಲೆಕಾಯಿ ಬೀಜ ಮಾತ್ರ. ಹಸಿವೇ ಇಲ್ಲ. ಹನ್ನೊಂದು ಗಂಟೆಗೆ ಕಣ್ಣು ಕತ್ತಲೆ ಬರೋದು, ಯಾವುದಾದರೂ ಅಂಗಡಿ ಮುಂದೆ ಕುಸಿದು ಕೂತು ತಂಪು ಪಾನೀಯ ಹೀರೋದು, ಎಲ್ಲ ನಿಂತುಹೋಯಿತು. ಆರನೇ ವಾರ 200 ಕಿ.ಮೀ. ಬ್ರೆವೆ ಮಾಡಿದೆ. ಅದಕ್ಕೆ ಹದಿಮೂರೂವರೆ ಗಂಟೆ ಅವಕಾಶ. ಎಷ್ಟೋ ಮೊದಲೇ, ನಗುನಗುತ್ತಾ ಮುಗಿಸಿದೆ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರಿಗೂ ಉಪದೇಶ ಮಾಡಿದೆ. ಆ ಮೆಸೇಜುಗಳನ್ನು ಈಗ ಯಾರಾದರೂ ತೆಗೆದು ತೋರಿಸಿದರೆ ನಾಚಿಕೆ ಆಗುತ್ತೆ.

ಯಾಕೆಂದರೆ ಚಾಮುಂಡಿ ಬೆಟ್ಟ ಸುಳ್ಳು ಹೇಳಲ್ಲ. ಮೈಸೂರಿನ ಸೈಕ್ಲಿಸ್ಟ್‌ಗಳಿಗೆಲ್ಲ ಅದೇ ತಕ್ಕಡಿ. ಎಂಟನೇ ವಾರ ಪೂರ್ತಿ ಬಿಗಿಯಾಗಿ ಹತ್ತಿ ನೋಡಿದೆ. ತೂಕ ಮೂರು ಕೆ.ಜಿ. ಇಳಿದಿತ್ತು. ಆದರೂ ಹಳೆಯ ಸಮಯಕ್ಕಿಂತ ಒಂದೂವರೆ ನಿಮಿಷ ತಡ. ಗಾಳಿ ಎದುರಿತ್ತು ಅಂದುಕೊಂಡೆ. ಮುಂದಿನ ವಾರ ಗಾಳಿ ಇರಲಿಲ್ಲ, ಸಮಯ ಅದೇ.

ಹತ್ತನೇ ವಾರ ರೇಸ್. 60 ಕಿ.ಮೀ., ಹೆಚ್ಚುಕಮ್ಮಿ ಸಮತಟ್ಟು. ಪಕ್ಕದಲ್ಲಿ ವಿಜಯಪುರ ಕಡೆಯ ಹುಡುಗ ನಿಂತಿದ್ದ. ಆ ಸೀಮೆ, ಬಾಗಲಕೋಟೆ ಸೀಮೆ ನಮ್ಮ ರಾಜ್ಯದ ಸೈಕ್ಲಿಂಗ್‌ಗೆ ತವರುಮನೆ ಇದ್ದ ಹಾಗೆ. ಅವನು ಸ್ಟಾರ್ಟ್‌ಗೆ ಮುಂಚೆ ಎರಡು ಬಾಳೆಹಣ್ಣು ತಿಂದು ಸಿಪ್ಪೆಯನ್ನು ಜೆರ್ಸಿ ಜೇಬಿಗೆ ಹಾಕಿಕೊಂಡ. ನನಗೂ ಒಂದು ಕೊಡೋಕೆ ಬಂದ. "ಬ್ಯಾಡ ಗುರು" ಅಂದೆ, ಸ್ವಲ್ಪ ಜಂಬದಿಂದಲೇ.

40 ಕಿ.ಮೀ. ತನಕ ಗುಂಪಿನ ಜೊತೆ ಆರಾಮಾಗಿದ್ದೆ. ಆಮೇಲೆ ಯಾರೋ ಮುಂದೆ ಎಗರಿದರು, ಗುಂಪು ಹಿಂದೆ ಬಿತ್ತು. ಒಂದು ನಿಮಿಷ, ಒಂದೂವರೆ ನಿಮಿಷ ಜೀವ ಬಿಟ್ಟು ತುಳಿಯಬೇಕು ಅಷ್ಟೇ. ನನಗೆ ಸುಸ್ತಾಗಿರಲಿಲ್ಲ. ಕಾಲು ನೋಯ್ತಾ ಇರಲಿಲ್ಲ. ತುಳಿಯೋಕೆ ಹೋದರೆ ಅಲ್ಲಿ ಏನೂ ಇರಲಿಲ್ಲ. ಮೇಲಿನ ಗೇರ್‌ಗಳನ್ನು ಯಾರೋ ಕಳಚಿಕೊಂಡು ಹೋದ ಹಾಗೆ. ಮುಂದಿನ ಚಕ್ರ ಹತ್ತು ಅಡಿ ದೂರ ಹೋಯಿತು, ಐವತ್ತು ಅಡಿ ಹೋಯಿತು, ತಿರುವಿನಲ್ಲಿ ಮಾಯವಾಯಿತು. ಉಳಿದ ದೂರವನ್ನು ಒಬ್ಬನೇ, ಬ್ರೆವೆ ಮಾಡಿದ ಹಾಗೆ ಮುಗಿಸಿದೆ. ಹಸಿವು ಮಾತ್ರ ಇರಲಿಲ್ಲ.

ಆಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು.

1983ರಲ್ಲಿ ಅಮೆರಿಕದ ಸ್ಟೀವ್ ಫಿನ್ನಿ ಐವರು ಪಳಗಿದ ಸೈಕ್ಲಿಸ್ಟ್‌ಗಳನ್ನು ನಾಲ್ಕು ವಾರ ಹೀಗೇ ಇಟ್ಟು ನೋಡಿದ್ದರು. ಮಧ್ಯಮ ವೇಗದಲ್ಲಿ ಎಷ್ಟು ಹೊತ್ತು ತುಳೀತಾರೆ ಅನ್ನೋದು ಪರೀಕ್ಷೆ. ಮೊದಲು ಸರಾಸರಿ 147 ನಿಮಿಷ, ಆಮೇಲೆ 151. ಈ ಪಥ್ಯದವರೆಲ್ಲ ತೋರಿಸೋ ಅಧ್ಯಯನ ಇದು. ಐವರಲ್ಲಿ ಒಬ್ಬ ವಿಪರೀತ ಸುಧಾರಿಸಿದ್ದ, ಕೆಲವರು ಚೆನ್ನಾಗೇ ಹಿಂದೆ ಬಿದ್ದಿದ್ದರು. ಸರಾಸರಿ ನಿಂತಿದ್ದು ಆ ಒಬ್ಬನ ಹೆಗಲ ಮೇಲೆ. ಅದಲ್ಲದೆ ಪರೀಕ್ಷೆಯಲ್ಲಿ ಸ್ಪ್ರಿಂಟ್ ಇರಲೇ ಇಲ್ಲ.

ಸ್ಪ್ರಿಂಟ್ ಇದ್ದದ್ದು 2006ರ ದಕ್ಷಿಣ ಆಫ್ರಿಕಾದ ಅಧ್ಯಯನದಲ್ಲಿ. ಎಂಟು ಸೈಕ್ಲಿಸ್ಟ್‌ಗಳು, 100 ಕಿ.ಮೀ. ಟೈಮ್ ಟ್ರಯಲ್, ನಡುನಡುವೆ ಒಂದೊಂದು ಕಿ.ಮೀ. ಜೋರು ಓಟ. ಆರು ದಿನ ಕೊಬ್ಬಿನ ಊಟ, ಕೊನೆಯ ದಿನ ಚೆನ್ನಾಗಿ ಪಿಷ್ಟ. ಒಟ್ಟು ಸಮಯದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ. ಆದರೆ ಆ ಒಂದು ಕಿ.ಮೀ. ಓಟಗಳಲ್ಲಿ ಕಾಲಿನ ಶಕ್ತಿ ಇಳಿದಿತ್ತು. ನನ್ನ ರೇಸ್ ಕಥೆ ನಾನು ಹುಟ್ಟಿ ಬೆಳೆಯೋ ಹೊತ್ತಿಗೇ ಅಚ್ಚಾಗಿಬಿಟ್ಟಿತ್ತು.

2017ರಲ್ಲಿ ಲೂಯಿಸ್ ಬರ್ಕ್ ತಂಡ ಆಸ್ಟ್ರೇಲಿಯಾದಲ್ಲಿ ವಿಶ್ವಮಟ್ಟದ ನಡಿಗೆ ಸ್ಪರ್ಧಿಗಳ ಮೇಲೆ ಮಾಡಿದ ಅಧ್ಯಯನ ಇನ್ನೂ ಖಡಕ್. ಮೂರು ವಾರದ ಕಠಿಣ ತರಬೇತಿ ನಂತರ 10 ಕಿ.ಮೀ. ರೇಸ್‌ನಲ್ಲಿ ಪಿಷ್ಟ ತಿಂದವರು ಶೇ. 6.6ರಷ್ಟು ಸುಧಾರಿಸಿದರು. ಕೊಬ್ಬಿನ ಗುಂಪು ಅಷ್ಟೇ ಬೆವರು ಸುರಿಸಿಯೂ ಶೇ. 1.6ರಷ್ಟು ನಿಧಾನವಾಯಿತು. ಅವರ ದೇಹ ಕೊಬ್ಬನ್ನು ಚೆನ್ನಾಗೇ ಉರಿಸ್ತಿತ್ತು, ಆದರೆ ಅದೇ ವೇಗಕ್ಕೆ ಹೆಚ್ಚು ಆಮ್ಲಜನಕ ಬೇಕಾಗ್ತಿತ್ತು.

ನಮ್ಮ ಹಳೇ ಮನೆಯ ಬಚ್ಚಲೊಲೆ ನೆನಪಿರೋರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಹುಣಸೆ ಕೊರಡು ಹಾಕಿದರೆ ರಾತ್ರಿಯೆಲ್ಲ ಕೆಂಡ ಇರುತ್ತೆ. ಆದರೆ ನೆಂಟರು ಬಂದು ನೀರು ಈಗಲೇ ಕುದೀಬೇಕು ಅಂದ್ರೆ ತೆಂಗಿನ ಗರಿಯೇ ಬೇಕು. ಕೊಬ್ಬು ಕೊರಡು, ಪಿಷ್ಟ ಗರಿ. ಉಸಿರಾಟ ಕೊನೇ ಮಿತಿ ಮುಟ್ಟಿದಾಗ, ಅದೇ ಆಮ್ಲಜನಕಕ್ಕೆ ಪಿಷ್ಟ ಸ್ವಲ್ಪ ಜಾಸ್ತಿ ಶಕ್ತಿ ಕೊಡುತ್ತೆ. ಇನ್ನೊಂದು ತೊಂದರೆ ಅಂದರೆ, ವಾರಗಟ್ಟಲೆ ಗರಿ ಹಾಕದೇ ಇದ್ದರೆ ಒಲೆ ಗರಿ ಉರಿಸೋದನ್ನೇ ಮರೆಯುತ್ತೆ. ಪಿಷ್ಟವನ್ನು ಒಡೆದು ಒಳಗೆ ಕಳಿಸೋ ಕಿಣ್ವದ ಚುರುಕು ತಗ್ಗುತ್ತೆ. ಅದಕ್ಕೇ ರೇಸ್ ಹಿಂದಿನ ರಾತ್ರಿ ಎರಡು ತಟ್ಟೆ ಅನ್ನ ಉಂಡರೂ ಪೂರ್ತಿ ಸರಿಹೋಗಲ್ಲ.

ಹಾಗಂತ ಇದೆಲ್ಲ ಮೋಸ ಅಂತ ನಾನು ಹೇಳ್ತಿಲ್ಲ. ಬ್ರೆವೆಯಲ್ಲಿ ನನಗೆ ಸಿಕ್ಕ ನೆಮ್ಮದಿ ನಿಜ. ದಿನವಿಡೀ ಒಂದೇ ಹದದಲ್ಲಿ ಹೋಗೋರಿಗೆ, ತಿಂದದ್ದು ಹೊಟ್ಟೆಯಲ್ಲಿ ನಿಲ್ಲದೆ ಒದ್ದಾಡೋರಿಗೆ ಇದು ಹಿಡಿಸಬಹುದು. ಈ ಪಥ್ಯದ ದೊಡ್ಡ ದನಿ ಆಗಿರೋ ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್ ತಾವೇ ಹಿಂದೆ ಓಟಗಾರರಿಗೆ ಪಿಷ್ಟ ತಿನ್ನಿ ಅಂತ ಬರೆದವರು. ಆಮೇಲೆ ಮಾತು ಬದಲಿಸಿದರು. ಅವರಿಗೆ ಸ್ವತಃ ಟೈಪ್ 2 ಡಯಾಬಿಟಿಸ್ ಇದೆ.

ಆ ಕೊನೇ ವಾಕ್ಯ ಓದುವಾಗ ನನಗೆ ಎದೆ ಧಸಕ್ ಅಂತು. ಯಾಕೆಂದರೆ ಅಷ್ಟರಲ್ಲಿ ಮನೆಯಲ್ಲಿ ಒಂದು ಘಟನೆ ನಡೆದಿತ್ತು.

ಅಪ್ಪನಿಗೆ ಒಂಬತ್ತು ವರ್ಷದಿಂದ ಶುಗರ್. ಬೆಳಗ್ಗೆ ಗ್ಲಿಮೆಪಿರೈಡ್ ಇರೋ ಮಾತ್ರೆ ತಗೋತಾರೆ. ಮಗ ಅನ್ನ ಬಿಟ್ಟು ಸಣ್ಣಗಾದ, ಚುರುಕಾಗಿದ್ದಾನೆ, ಓದಿದವನು ಬೇರೆ. ಅವರು ಯಾರಿಗೂ ಹೇಳದೆ ರಾತ್ರಿ ಮುದ್ದೆ ಬಿಟ್ಟರು, ಆಮೇಲೆ ಬೆಳಗಿನ ತಿಂಡಿಯನ್ನೂ ಬಿಟ್ಟು ಮಜ್ಜಿಗೆ ಕುಡಿದು ಗದ್ದೆಗೆ ಹೋಗೋಕೆ ಶುರು ಮಾಡಿದರು. ಮಾತ್ರೆ ಮಾತ್ರ ಹಾಗೇ ನಡೀತಿತ್ತು. ಒಂದು ದಿನ ಹತ್ತು ಗಂಟೆ ಹೊತ್ತಿಗೆ ಬದುವಿನ ಮೇಲೆ ಕೂತುಬಿಟ್ಟರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಪಕ್ಕದ ಗದ್ದೆಯವರು ಕುಡಿದಿದ್ದಾರೆ ಅಂದುಕೊಂಡರಂತೆ, ಬದುಕಿಡೀ ಕುಡಿಯದ ಮನುಷ್ಯನನ್ನು. ಅವ್ವ ಓಡಿಬಂದು ಬೆಲ್ಲದ ನೀರು ಕುಡಿಸಿದಳು. ಆಮೇಲೆ ಮಿಷನ್‌ನಲ್ಲಿ ನೋಡಿದರೆ, ಬೆಲ್ಲ ಕುಡಿದ ಮೇಲೂ 58.

ನನಗೆ ಫೋನ್ ಬಂದಾಗ ನಾನು ಆಫೀಸಿನಲ್ಲಿ ಕೊಬ್ಬರಿ ತಿಂತಿದ್ದೆ.

ಈ ಜಾತಿಯ ಮಾತ್ರೆ ನೀವು ತಿಂದಿರೋ ಬಿಟ್ಟಿರೋ ಲೆಕ್ಕ ಕೇಳಲ್ಲ, ಇನ್ಸುಲಿನ್ ಸುರಿಸುತ್ತೆ. ಪಿಷ್ಟ ಬರದೇ ಹೋದರೆ ರಕ್ತದಲ್ಲಿ ಸಕ್ಕರೆ ಪಾತಾಳಕ್ಕೆ ಇಳಿಯುತ್ತೆ. ಡಪಾಗ್ಲಿಫ್ಲೋಜಿನ್ ಥರದ ಮಾತ್ರೆ ತಗೊಳ್ಳೋರಿಗೆ ಬೇರೆ ಅಪಾಯ: ತೀರಾ ಪಿಷ್ಟ ಬಿಟ್ಟರೆ, ಮಿಷನ್‌ನಲ್ಲಿ ಸಕ್ಕರೆ ಸರಿಯಾಗೇ ಕಾಣ್ತಿದ್ದರೂ ರಕ್ತ ಆಮ್ಲವಾಗಿ ಐಸಿಯುಗೆ ಹೋಗೋ ಪರಿಸ್ಥಿತಿ ಬರಬಹುದು. ನಿಮ್ಮ ಅಪ್ಪನೋ ಅಮ್ಮನೋ ಫಾರ್ವರ್ಡ್ ನೋಡಿಕೊಂಡು ಅನ್ನ ಬಿಡ್ತಾ ಇದ್ದರೆ, ಇವತ್ತೇ ಫೋನ್ ಮಾಡಿ ಯಾವ ಮಾತ್ರೆ ಅಂತ ಕೇಳಿ. ಮುಂದಿನದು ಡಾಕ್ಟರ್ ಹತ್ತಿರ.

ನಮ್ಮ ಡಾಕ್ಟರಮ್ಮ ನಾನು ಅಂದುಕೊಂಡ ಹಾಗೆ ಬೈಯಲಿಲ್ಲ. "ಯಜಮಾನ್ರೇ, ಅನ್ನ ಕಮ್ಮಿ ಮಾಡಿದ್ದು ಒಳ್ಳೇದೇ. ನಂಗೆ ಹೇಳ್ದೆ ಮಾಡಿದ್ದು ತಪ್ಪು" ಅಂದರು. ಮಾತ್ರೆಯ ಡೋಸ್ ಇಳಿಸಿದರು. ಪೂರ್ತಿ ಬಿಡಬೇಡಿ, ಅರ್ಧ ಮಾಡಿ, ಜಾಗಕ್ಕೆ ಕಾಳು, ಸೊಪ್ಪು, ಮೊಸರು ಹಾಕ್ಕೊಳಿ ಅಂದರು. 2025ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಪ್ರಕಾರ ನಾವು ಭಾರತೀಯರು ಶೇ. 62ರಷ್ಟು ಕ್ಯಾಲೊರಿಯನ್ನು ಪಿಷ್ಟದಿಂದಲೇ ಪಡೀತೀವಿ. ಕಮ್ಮಿ ಮಾಡೋಕೆ ಬೇಕಾದಷ್ಟು ಜಾಗ ಇದೆ. ವಾಪಸ್ ಬರುವಾಗ ನಾನು ಹಿಂದೆ ಕೂತು ಯೋಚನೆ ಮಾಡ್ತಿದ್ದೆ. ನಮ್ಮ ಮನೆಯಲ್ಲಿ ಮುದ್ದೆ ಕಮ್ಮಿ ಮಾಡಬೇಕಾದವರು ಅರವತ್ತು ದಾಟಿದ ಅಪ್ಪ. ವಾರಕ್ಕೆ 250 ಕಿ.ಮೀ. ತುಳಿಯೋ ನಾನು ಬಿಟ್ಟು ಕೂತಿದ್ದೆ.

ಅವತ್ತು ರಾತ್ರಿ ಊರಲ್ಲೇ ಉಂಡೆ. ಹತ್ತು ವಾರದ ನಂತರದ ಮೊದಲ ಮುದ್ದೆ. ರುಚಿ ಬಗ್ಗೆ ಬರೆಯಲ್ಲ, ನಿಮಗೆ ಗೊತ್ತಿರೋದೇ.

ಮೂರ್ನಾಲ್ಕು ವಾರದಲ್ಲಿ ಚಾಮುಂಡಿ ಬೆಟ್ಟದ ಸಮಯ ಹಳೇ ಜಾಗಕ್ಕೆ ಬಂತು. ಇಳಿದ ಮೂರು ಕೆ.ಜಿ.ಯಲ್ಲಿ ಒಂದೂವರೆ ವಾಪಸ್ ಬಂದಿದೆ. ನಿಧಾನದ ರೈಡ್‌ಗಳಿಗೆ ಈಗಲೂ ಬರೀ ಕಾಫಿ ಕುಡಿದು ಹೊರಡ್ತೀನಿ. ರೇಸ್ ದಿನ ಮಾತ್ರ ಗಂಟೆಗೆ 60 ಗ್ರಾಂ ಪಿಷ್ಟ ಅಂತ ಲೆಕ್ಕ ಹಾಕಿ ಬಾಟಲಿಗೆ ಪಾನಕ ತುಂಬ್ತೀನಿ: ಬೆಲ್ಲ, ನಿಂಬೆರಸ, ಚಿಟಿಕೆ ಉಪ್ಪು. ಅಂಗಡಿಯ ಜೆಲ್‌ಗೆ ಕೊಡೋ ದುಡ್ಡಿನಲ್ಲಿ ತಿಂಗಳ ಪಾನಕ ಆಗುತ್ತೆ. ಬಾಳೆಹಣ್ಣಂತೂ ನಂಜನಗೂಡು ಸೀಮೆಯವನು ಬೇಡ ಅಂದಿದ್ದಕ್ಕೆ ಇನ್ನೂ ಬೇಜಾರಿದೆ. ರಸಬಾಳೆ ರೇಸ್‌ಗೆ ತಗೊಂಡು ಹೋಗೋ ಅಷ್ಟು ಶ್ರೀಮಂತ ನಾನಲ್ಲ, ಪಚ್ಚಬಾಳೆ ಸಾಕು.

ಭಾನುವಾರ ಊಟಕ್ಕೆ ಕೂತಾಗ ಅಪ್ಪನ ತಟ್ಟೆಗೆ ಅರ್ಧ ಮುದ್ದೆ, ಎರಡು ಸೌಟು ಕಾಳು. ನನ್ನ ತಟ್ಟೆಗೆ ಒಂದೂವರೆ. ಅಪ್ಪ ನನ್ನ ತಟ್ಟೆಯನ್ನು ಈಗಲೂ ನೋಡ್ತಾರೆ. ಅವ್ವ ಸೌಟು ಕೆಳಗಿಟ್ಟು, "ಇಬ್ಬರ ಲೆಕ್ಕಾನೂ ಇನ್ನ ನಾನೇ ಇಡ್ತೀನಿ, ಸುಮ್ಕೆ ಉಣ್ರಪ್ಪ" ಅಂತಾಳೆ.